ಎಲ್ಲ ಬರುತ್ತೆ ಅಂದ ನಾಲಿಗೆ

ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಲೈಬ್ರರಿ ಅಕ್ಕ ಅಂತಲೇ. ಸಂಶೋಧನೆ ಮಾಡುವ ಮಕ್ಕಳನ್ನು ಹನ್ನೊಂದು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳು. "ಓದಿದ ಪುಸ್ತಕದ ವಿವರ ಈ ಸಾಫ್ಟ್‌ವೇರಿಗೆ ಹಾಕಿ, ಪ್ರಬಂಧದ ಕೊನೆಯ ಪುಸ್ತಕಪಟ್ಟಿಯನ್ನು ಅದೇ ಜೋಡಿಸಿಕೊಡುತ್ತೆ. ನಿಮಗೆ ತೋಚಿದ್ದನ್ನೂ ಪಕ್ಕದಲ್ಲೇ ಬರೆದಿಡಿ, ಬೇರೆ ನೋಟುಬುಕ್ಕು ಯಾಕೆ?" ಅನ್ನುತ್ತಿದ್ದಳು. ಮಕ್ಕಳು ನಂಬಿ ಬರೆದರು.

ಈಗ ಮೇಲಿನವರು ಹೊಸ ಸಾಫ್ಟ್‌ವೇರು ತಂದರು. ಬಳಸಿ ನೋಡಿದವರು ಯಾರು ಅಂತ ಕೇಳಿದರೆ ಎಲ್ಲರೂ ಸೂರು ನೋಡುವವರೇ. ಶುಕ್ರವಾರ ಐದಕ್ಕೆ ಹಳೆಯದು ಬಂದ್.

ಬುಧವಾರ ತರಬೇತಿ. "ಗುಂಡಿ ಒತ್ತಿದರೆ ಎಲ್ಲ ಬರುತ್ತೆ ಅಂತ ಹೇಳಿ ಮುಗಿಸಿ," ಅಂದಿದ್ದರು ಲೈಬ್ರರಿಯ ಮುಖ್ಯಸ್ಥರು. ಅವಳೂ ಪರೀಕ್ಷಿಸದೆ ಗಿಳಿಪಾಠ ಒಪ್ಪಿಸಿದಳು. ಮೂವತ್ತು ಜನ ಗುಂಡಿ ಒತ್ತಿದರು. ಪುಸ್ತಕಗಳ ಪಟ್ಟಿಯೇನೋ ಹಳೆಯದರಿಂದ ಹೊಸದಕ್ಕೆ ಬಂತು.

ಹಿಂದಿನ ಸಾಲಿನಲ್ಲೊಬ್ಬಳು ಹುಡುಗಿ. ಸದಾ ಏನಾದರೂ ಕೂಡಿಡುತ್ತಾಳೆಂದು ಅವಳಿಗೆ ಇರುವೆ ಅಂತ ಹೆಸರು. ಬರುವ ತಿಂಗಳು ಪ್ರಬಂಧ ಒಪ್ಪಿಸಬೇಕು.

"ಅಕ್ಕಾ, ಪುಸ್ತಕದ ಹೆಸರು ಬಂದಿದೆ. ನಾನು ಬರೆದದ್ದೆಲ್ಲಿ?"

ನಾಲ್ಕು ವರ್ಷದ ಟಿಪ್ಪಣಿ. ಒಂದಕ್ಷರವೂ ಇರಲಿಲ್ಲ.

ಅಕ್ಕ ಮುಖ್ಯಸ್ಥರ ಕೋಣೆಗೆ ಓಡಿದಳು. ಅವರು ಬಿಸ್ಕತ್ತು ತಿನ್ನುತ್ತಿದ್ದರು; ಎಂಜಲು ಪುಡಿ ತರಬೇತಿಯ ಫಾರಂ ಮೇಲೆ ಉದುರುತ್ತಿತ್ತು.

"ಪಟ್ಟಿ ಬಂತಲ್ಲ. ಟಿಪ್ಪಣಿ ಅವರವರ ಹಣೆಬರಹ."

"ಬರೆಯಿರಿ ಅಂತ ಕಲಿಸಿದವಳು ನಾನು, ಸರ್."

"ಯಾರು ಕಲಿಸು ಅಂದಿದ್ದರು? ಎಲ್ಲರಿಗೂ ತೃಪ್ತಿಯಾಯಿತು ಅಂತ ಸಹಿ ಹಾಕಿ."

ಪುಡಿ ಅಂಟಿದ ಬೆರಳಲ್ಲೇ ಫಾರಂ ಮುಂದಕ್ಕೆ ತಳ್ಳಿದರು. ಅವಳಿಗೆ ಅವರ ಮೇಲಿನ ಅಸಹ್ಯ ಒಂದು ಪಾಲಾದರೆ, ಬೆಳಿಗ್ಗೆ ಅದೇ ಸುಳ್ಳು ಆಡಿದ ತನ್ನ ನಾಲಿಗೆಯ ಮೇಲಿನ ಹೇಸಿಗೆ ಮೂರು ಪಾಲು. ಫಾರಂ ಮುಟ್ಟದೆ ಹೊರಗೆ ಬಂದಳು.

"ಎಲ್ಲ ಬರುತ್ತೆ ಅಂದೆನಲ್ಲ, ಅದು ಸುಳ್ಳು," ಅಂದಳು ಮಕ್ಕಳ ಮುಂದೆ ನಿಂತು. "ಹಳೆಯದನ್ನೇ ಮತ್ತೆ ತೆರೆಯಿರಿ. ಒಂದೊಂದೇ ಟಿಪ್ಪಣಿ ನಕಲು ಮಾಡಿಕೊಳ್ಳಿ."

"ಪಾಠ ಮುಗೀತು ಅಂತ ಖುಷಿಪಟ್ಟಿದ್ವಲ್ಲಕ್ಕಾ," ಅಂದ ಮುಂದಿನ ಸಾಲಿನವನೊಬ್ಬ. ಯಾರೂ ನಗಲಿಲ್ಲ.

ಎರಡು ದಿನ ಅಕ್ಕ ಇರುವೆಯ ಪಕ್ಕ ಬಿಟ್ಟು ಏಳಲಿಲ್ಲ. ಆರುನೂರ ಹನ್ನೆರಡು ಪುಸ್ತಕ, ಲೇಖನ. ಒಬ್ಬಳು ತೆರೆಯುವುದು, ಒಬ್ಬಳು ನಕಲು ಮಾಡುವುದು. ಶುಕ್ರವಾರ ಐದಕ್ಕೆ ಪರದೆ ಬೆಳ್ಳಗಾಯಿತು.

"ನಕಲಾಗದೆ ಎಷ್ಟು ಉಳೀತು?" ಅಂದಳು ಅಕ್ಕ.

"ನಲವತ್ತು."

ಅಕ್ಕ ಕನ್ನಡಕ ಒರೆಸಿಕೊಂಡಳು.

"ಆ ನಲವತ್ತರ ಹೆಸರು ಹೇಳು. ಕಪಾಟಿನಿಂದ ತರ್ತೀನಿ. ಮತ್ತೆ ಓದೋಣ, ಇಪ್ಪತ್ತು ನಿನಗೆ, ಇಪ್ಪತ್ತು ನನಗೆ."