ಸುಲಭಾ ಒಪ್ಪದ ಕ್ಷಮೆ

ನೀತಾಳಿಗೆ ಹತ್ತೊಂಬತ್ತು ತುಂಬಿದ ವರ್ಷ ಅವಳ ಅಕ್ಕ ಸುಲಭಾ ಲೈಸೆನ್ಸ್ ಇಲ್ಲದೆ ಸ್ಕೂಟರ್ ಓಡಿಸಿ ಕಾತ್ರಜ ಘಾಟಿನ ಇಳಿಜಾರಿನಲ್ಲಿ ಇಬ್ಬರನ್ನೂ ಕೆಡವಿದಳು. ಅಕ್ಕನಿಗೆ ತರಚುಗಾಯ, ಹಿಂದೆ ಕೂತಿದ್ದ ನೀತಾಳ ಬಲಗಾಲು ಎರಡಿಂಚು ಗಿಡ್ಡವಾಯಿತು. "ಯೇಸುಸ್ವಾಮಿ ನನ್ನ ಕ್ಷಮಿಸ್ಯಾನ, ನಾನೂ ನಿನ್ನ ಕ್ಷಮಿಸೀನಿ" ಎಂದು ಆಸ್ಪತ್ರೆಯ ಮಂಚದ ಮೇಲೇ ನೀತಾ ಹೇಳಿದ್ದಳು. ಮನಸಾರೆ ಹೇಳಿದ್ದಳು.

ಅದಾಗಿ ಮೂವತ್ತೊಂದು ವರ್ಷ. ತಂದೆತಾಯಿ ಬೆಟಗೇರಿ ಬಿಟ್ಟು ಮರಾಠಿ ಸೀಮೆಗೆ ಬಂದು ದೇಹೂ ರೋಡಿನಲ್ಲಿ ಕಟ್ಟಿದ ಎರಡು ಕೋಣೆಯ ಮನೆಯಲ್ಲಿ ಈಗ ಅಕ್ಕತಂಗಿಯರಿಬ್ಬರೇ. ನೀತಾ ಶಾಲೆಯೊಂದರಲ್ಲಿ ಕ್ಲರ್ಕು. ಮದುವೆಯಾಗಲಿಲ್ಲ. ಅದಕ್ಕೆ ಕಾಲು ಕಾರಣವಲ್ಲ, ಬಂದ ಗಂಡುಗಳು ಹಿಡಿಸಲಿಲ್ಲ. ಅಕ್ಕ ಮಾತ್ರ ಇದನ್ನು ನಂಬುವುದಿಲ್ಲ. ತಾನೂ ಮದುವೆಯಾಗದೆ ತಂಗಿಯ ಚೀಲ ಹೊರುತ್ತಾಳೆ, ತಂಗಿ ಬಚ್ಚಲಿಗೆ ಹೋದರೆ ಬಾಗಿಲ ಬಳಿ ಕಾಯುತ್ತಾಳೆ. ಯಾರಾದರೂ ಮನೆಗೆ ಬಂದರೆ, "ಇಕಿ ಕಾಲು ಮುರದಾಕಿ ನಾನ ರೀ" ಎಂದು ಚಹಾದ ಜೊತೆಗೇ ಹೇಳಿಬಿಡುತ್ತಾಳೆ. ನೀತಾಳಿಗೆ ಕುಂಟುವುದು ಎಂದೋ ಒಗ್ಗಿತ್ತು. ಈ ಮಾತು ಒಗ್ಗಲಿಲ್ಲ.

ಎಲ್ಲಕ್ಕಿಂತ ಮೈ ಉರಿಯುತ್ತಿದ್ದುದು ತಿಂಗಳ ಮೊದಲ ಭಾನುವಾರ. ನಗರದ ಕ್ಯಾಂಪ್ ಭಾಗದ ಚರ್ಚಿನ ಕನ್ನಡ ಆರಾಧನೆಯಲ್ಲಿ ಎಲ್ಲರೂ ಪಾಸ್ಟರ್ ಕೈಯಿಂದ ರೊಟ್ಟಿ, ದ್ರಾಕ್ಷಾರಸ ಪಡೆಯುವ ಕರ್ತನ ಭೋಜನಕ್ಕೆ ಎದ್ದರೆ ಸುಲಭಾ ಬೆಂಚಿನಲ್ಲೇ ತಲೆ ತಗ್ಗಿಸಿ ಕೂರುವಳು. ಕೇಳಿದರೆ, "ನಾ ಯೋಗ್ಯಳಲ್ಲ."

ಕಳೆದ ತಿಂಗಳು ನೀತಾ ತಾನೂ ಏಳಲಿಲ್ಲ.

"ನೀ ಹೋಗವಾ," ಎಂದಳು ಸುಲಭಾ.

"ಹ್ಯಾಂಗ ಹೋಗ್ಲಿ? ಇಷ್ಟ್ ವರ್ಷ ನಿನ್ನ ಕೈಲೆ ಚಾಕರಿ ಮಾಡಿಸ್ಕೊಂಡೀನಿ. ಬ್ಯಾಡಂತ ಬಾಯಿಲೆ ಅಂದೆ, ಆದ್ರ ಆರಾಮ ಅನಸ್ತಿತ್ತು. ನಂದೂ ತಪ್ಪದ. ಕ್ಷಮಿಸಕ್ಕಾ."

"ಅದರಾಗೇನದ? ಕ್ಷಮಿಸೀನಿ, ಹೋಗು."

"ನಾ ದವಾಖಾನ್ಯಾಗ ಅಂದದ್ದೂ ಹಿಂಗ ಇತ್ತು. ನಿಂದು ಖರೆ, ನಂದು ಸುಳ್ಳೇನು? ಸ್ವಾಮಿ ಅಂದದ್ದೂ ಸುಳ್ಳೇನು?"

ದನಿ ಏರಿತ್ತು. ಮುಂದಿನ ಸಾಲಿನವರು ತಿರುಗಿ ನೋಡಿದರು.  ಕಡೆಯವರು ಮರಳಿ ಬರುವಾಗ ಇಬ್ಬರೂ ಎದ್ದರು; ಸುಲಭಾ ತಂಗಿಯ ಹಿಂದೆ ವೇದಿಕೆಯತ್ತ ನಡೆದಳು. ರೊಟ್ಟಿಗೆ ಚಾಚಿದ ಕೈ ಹಿಂದೆಳೆದಳು, ಪಾಸ್ಟರ್ ಕಾದರು, ಮತ್ತೆ ಚಾಚಿ ತೆಗೆದುಕೊಂಡಳು.

ಮರಳುವಾಗ ಲೋಕಲ್ ರೈಲಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಪಿಂಪ್ರಿ ದಾಟಿದ ಮೇಲೆ ಸುಲಭಾ ಕಿಟಕಿಯಾಚೆ ನೋಡುತ್ತ, "ಒಂದ್ ಮಾತು ಹೇಳ್ತೀನಿ. ನೀ ಕೀರ್ತನೆ ಭಾಳ ಬೆಸೂರ ಹಾಡ್ತಿ, ಸ್ವರನ ಕೂಡಂಗಿಲ್ಲ" ಎಂದಳು.

ಅಪಘಾತದ ನಂತರ ಅಕ್ಕ ತಂಗಿಯಲ್ಲೊಂದು ಕೊರತೆ ಎತ್ತಿ ಆಡಿದ್ದು ಅದೇ ಮೊದಲು. ನೀತಾ ಖುಷಿಯಿಂದ ಜಗಳಕ್ಕೇ ಇಳಿದಳು. ಆಕುರ್ಡಿ ಸ್ಟೇಷನ್ ಬಂದರೂ ಬಿಡಲಿಲ್ಲ.