ಹಳಿಯ ಮೇಲಿನ ನಿಂಬೆಹಣ್ಣು

ಎರಡು ವರ್ಷದ ಹಿಂದೆ, ದಸರಾ ಕಳೆದು ಕೆಲವು ವಾರಗಳಾದ ಮೇಲೆ ಒಂದು ಭಾನುವಾರ. ಚಿಕ್ಕಲಸಂದ್ರದ ಮನೆಯೊಂದರ ಮಹಡಿ ಕೋಣೆಯಲ್ಲಿ ನಾವು ಮೂರು ಜನ ದೊಡ್ಡ ಮೇಜೊಂದರ ಸುತ್ತ ನಿಂತಿದ್ದೆವು: ಮನೆಯ ಯಜಮಾನರಾದ ರುದ್ರಪ್ಪನವರು, ಅವರ ಮಗಳು ಗಿರಿಜಾ, ಮತ್ತು ನಾನು. ಮೇಜಿನ ಮೇಲೆ ಸುತ್ತಲೂ ಪುಟ್ಟ ಹಳಿ, ಎರಡು ಸ್ಟೇಷನ್, ಒಂದು ನೀರಿನ ಟ್ಯಾಂಕು. ಹಳಿಯ ಮೇಲೆ ಗೇಣುದ್ದದ ಕಪ್ಪು ಸ್ಟೀಮ್ ಇಂಜಿನ್. ನಾನು ಡಿಕೋಡರ್ ಕೂರಿಸಿ ತಂದಿದ್ದ ಇಂಜಿನ್ ಅದು.

ನಾನು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೊಂದರ ವೈರಿಂಗ್ ವಿಭಾಗದಲ್ಲಿ ಬೆಸುಗೆ ಹಾಕುತ್ತಲೇ ತಲೆ ಹಣ್ಣಾದವಳು. ನಿವೃತ್ತಿಯ ಮೇಲೆ ಕೈ ಸುಮ್ಮನಿರಲಿಲ್ಲ. ಬನಶಂಕರಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರೇಡಿಯೊ, ಮಿಕ್ಸಿ ರಿಪೇರಿ ಎಂದು ಶುರುವಾದದ್ದು, ಮಾದರಿ ರೈಲಿನ ಹುಚ್ಚಿರುವವರು ಒಬ್ಬರಿಂದೊಬ್ಬರು ಕೇಳಿಕೊಂಡು ಬಂದು, ಕೊನೆಗೆ ಇದೇ ನನ್ನ ಕಸುಬಾಯಿತು.

ಗಿರಿಜಾ ಹೈಸ್ಕೂಲ್ ಟೀಚರ್. ಆ ಭಾನುವಾರಕ್ಕೆ ಕೆಲವು ದಿನ ಮುಂಚೆ ಇಂಜಿನ್ನನ್ನು ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಕೋಡುಬಳೆ ಡಬ್ಬಿಯಲ್ಲಿಟ್ಟು ನಮ್ಮ ಮನೆಗೆ ತಂದಿದ್ದಳು.

"ಆಂಟಿ, ಅಪ್ಪಾಜಿ ರೈಲ್ವೇಲಿ ಡ್ರೈವರ್ ಆಗಿದ್ರು. ಬೇಸಿಗೇಲಿ ಲಕ್ವ ಹೊಡೀತು. ಈಗ ಓಡಾಡ್ತಾರೆ, ಮಾತಾಡ್ತಾರೆ, ಬಲಗೈ ಮಾತ್ರ ನಡುಗುತ್ತೆ. ಗುಂಡಿ ತಿರುಗ್ಸಕ್ಕೆ ಹೋದ್ರು, ಇಂಜಿನ್ ನೆಗೆದು ಮೇಜಿಂದ ಬಿತ್ತು. ಅವತ್ತಿಂದ ಮಹಡಿ ಮೆಟ್ಲೇ ಹತ್ತಿಲ್ಲ."

"ನೀನು ಓಡಿಸಿ ತೋರಿಸಬಹುದಲ್ಲಮ್ಮ?"

"ಹೇಳ್ದೆ. 'ಇನ್ನೊಬ್ರು ಓಡ್ಸೋದನ್ನ ನೋಡ್ಕೊಂಡು ಕೂರಕ್ಕೆ ನಾನೇನು ಪ್ಯಾಸೆಂಜರ್ರಾ?' ಅಂದ್ರು."

ಆ ಮಾತು ಕೇಳಿ ಕೆಲಸ ಒಪ್ಪಿಕೊಂಡೆ. ಹಳೆಯ ಪದ್ಧತಿಯಲ್ಲಿ ಗುಂಡಿ ತಿರುಗಿಸಿದಷ್ಟು ಕರೆಂಟು ನೇರವಾಗಿ ಹಳಿಗೆ, ಅಲ್ಲಿಂದ ಮೋಟಾರಿಗೆ. ಕೈ ನಡುಗಿದರೆ ಇಂಜಿನ್ನೂ ನಡುಗುತ್ತದೆ. ಡಿಜಿಟಲ್ ಪದ್ಧತಿಯಲ್ಲಿ ಹಳಿಯ ತುಂಬ ಯಾವಾಗಲೂ ಒಂದೇ ಸಮನೆ ಕರೆಂಟು ಇರುತ್ತದೆ, ಕೈಯಲ್ಲಿನ ಕಂಟ್ರೋಲರ್ ಬರೀ ಆಜ್ಞೆ ಕಳಿಸುತ್ತದೆ. ಇಂಜಿನ್ನಿನೊಳಗಿನ ಡಿಕೋಡರ್, ಬೆರಳಿನ ಉಗುರಿನಷ್ಟು ಸರ್ಕ್ಯೂಟ್, ಆ ಆಜ್ಞೆ ಓದಿ ಮೋಟಾರನ್ನು ನಡೆಸುತ್ತದೆ. ವೇಗ ನಿಧಾನವಾಗಿ ಏರಲಿ, ನಿಧಾನವಾಗಿ ಇಳಿಯಲಿ ಎಂದು ಅದಕ್ಕೆ ಮೊದಲೇ ಹೇಳಿಡಬಹುದು. ಆಗ ಕೈಯ ನಡುಕ ಇಂಜಿನ್ನಿಗೆ ಮುಟ್ಟುವುದಿಲ್ಲ.

ಈ ಇಂಜಿನ್ನಿನಲ್ಲಿ ಒಂದು ತೊಡಕಿತ್ತು. ಮೋಟಾರಿನ ಒಂದು ತುದಿ ಲೋಹದ ಚೌಕಟ್ಟಿಗೇ ತಗುಲಿಕೊಂಡಿತ್ತು. ಹಾಗೆಯೇ ಬಿಟ್ಟು ಡಿಕೋಡರ್ ಜೋಡಿಸಿದರೆ ಕರೆಂಟು ಹರಿದ ಕ್ಷಣವೇ ಅದು ಸುಟ್ಟು ಹೊಗೆಯಾಗುತ್ತದೆ. ಮೋಟಾರು ಬಿಚ್ಚಿ, ತಗುಲುವ ಜಾಗಕ್ಕೆ ತೆಳು ಪ್ಲಾಸ್ಟಿಕ್ ಕೊಟ್ಟು, ಮೀಟರ್ ಹಿಡಿದು ಪರೀಕ್ಷಿಸಿದ ಮೇಲೆಯೇ ಬೆಸುಗೆ ಹಾಕಿದೆ. ಡಿಕೋಡರಿಗೆ ಇಂಜಿನ್ನಿನಲ್ಲಿ ಜಾಗ ಸಾಲದೆ ಹಿಂದಿನ ಕಲ್ಲಿದ್ದಲ ಗಾಡಿಯಲ್ಲಿ ಕೂರಿಸಿದೆ. ಚಕ್ರಗಳನ್ನೆಲ್ಲ ಒರೆಸಿದೆ. ಪರೀಕ್ಷೆಗೆಂದು ನಮ್ಮ ಮನೆಯಲ್ಲಿಟ್ಟಿರುವ ಹಳಿಯ ಮೇಲೆ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಹೋಯಿತು.

ಭಾನುವಾರ ರುದ್ರಪ್ಪನವರು ಮಗಳ ಭುಜ ಹಿಡಿದು ಮಹಡಿ ಹತ್ತಿದರು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಷರ್ಟು. ಡ್ಯೂಟಿಗೆ ಹೊರಟವರ ಹಾಗಿದ್ದರು.

ತಂದಿದ್ದ ಹೊಸ ಕಂಟ್ರೋಲರನ್ನು ಹಳಿಗೆ ಜೋಡಿಸಿ ಅವರ ಕೈಗೆ ಕೊಟ್ಟೆ. ನಾನು ವಿವರಿಸಿದ್ದನ್ನೆಲ್ಲ ಕೇಳಿ, "ಅಂದ್ರೆ ನನ್ನ ಕೈ ನಡುಗ್ತಿದೆ ಅನ್ನೋ ವಿಷಯನ ಇಂಜಿನ್ನಿಗೆ ಯಾರೂ ಹೇಳಲ್ಲ ಅನ್ನಿ" ಎಂದರು.

"ಡಿಕೋಡರ್ ಚಾಡಿ ಹೇಳೋದಿಲ್ಲ, ಯಜಮಾನ್ರೇ."

ನಕ್ಕು ಗುಂಡಿ ತಿರುಗಿಸಿದರು. ಕೈ ನಡುಗಿತು, ಇಂಜಿನ್ ನಡುಗಲಿಲ್ಲ. ಗಂಭೀರವಾಗಿ ಹೊರಟು, ತಿರುವು ದಾಟಿ, ಎರಡನೇ ಸ್ಟೇಷನ್ ಹತ್ತಿರ ಬಂದದ್ದು ಗಕ್ಕನೆ ನಿಂತಿತು. ಬೆರಳಲ್ಲಿ ತಳ್ಳಿ ಹೊರಡಿಸಿದೆ. ಸುತ್ತು ಬಂದು ಮತ್ತೆ ನಿಂತಿತು. ಮೂರನೇ ಸಲವೂ ಅದೇ ಪಾಡು.

ರುದ್ರಪ್ಪನವರು ಕಂಟ್ರೋಲರನ್ನು ಮೇಜಿನ ಮೇಲಿಟ್ಟರು. "ಬಿಡಿ ತಾಯಿ. ನಿಮ್ಮ ಕೆಲಸ ಚೆನ್ನಾಗೇ ಇದೆ. ಯಾವ ಕೈ ಅನ್ನೋದು ಅದಕ್ಕೂ ಗೊತ್ತಾಗೋಗಿದೆ."

ಗಿರಿಜಾ ಕಿಟಕಿಯತ್ತ ಮುಖ ತಿರುಗಿಸಿದಳು. ಅವಳ ಕೈಗೆ ಕೊಟ್ಟು ಓಡಿಸಿ ನೋಡಿದರೆ ದೋಷ ಎಲ್ಲಿದೆಯೆಂದು ಸುಲಭವಾಗಿ ತಿಳಿಯುತ್ತಿತ್ತು. ಆದರೆ ಅವರ ಎದುರಿಗೆ ಹಾಗೆ ಕೇಳಲು ನನಗೆ ಮನಸ್ಸಾಗಲಿಲ್ಲ. ಅಷ್ಟರಲ್ಲಿ ಒಂದು ವಿಷಯ ಹೊಳೆಯಿತು: ಕೈಯದೇ ತಪ್ಪಾಗಿದ್ದರೆ ಇಂಜಿನ್ ಒಂದೊಂದು ಸಲ ಒಂದೊಂದು ಕಡೆ ನಿಲ್ಲಬೇಕಿತ್ತು. ಇದು ಮೂರು ಸಲವೂ ಒಂದೇ ಜಾಗದಲ್ಲಿ ನಿಂತಿತ್ತು.

ಬಗ್ಗಿ ಅಲ್ಲಿ ಬೆರಳಿಟ್ಟೆ. ಅಂಟಂಟು. ಮೂಸಿ ನೋಡಿದೆ.

"ಗಿರಿಜಾ, ಈ ಸ್ಟೇಷನ್‌ನಲ್ಲಿ ಉಪ್ಪಿನಕಾಯಿ ಏನಾದ್ರೂ ಹಾಕಿದ್ರಾ?"

ಅವಳ ಮುಖ ಕೆಂಪಾಯಿತು. "ಆಯುಧ ಪೂಜೇಲಿ ಆಂಟಿ... ಪ್ರತಿ ವರ್ಷ ಅಪ್ಪಾಜಿ ವಿಭೂತಿ ಹಚ್ಚಿ, ಹೂವಿಟ್ಟು, ಅಷ್ಟಕ್ಕೇ ಬಿಡೋರು. ಈ ವರ್ಷ ಬಿದ್ದಿತ್ತಲ್ಲ, ದೃಷ್ಟಿ ಹೋಗ್ಲಿ ಅಂತ ಸ್ಕೂಟರ್‌ಗೆ ಮಾಡೋ ಹಾಗೆ ಚಕ್ರದ ಮುಂದೆ ನಿಂಬೆಹಣ್ಣಿಟ್ಟೆ. ಹಣ್ಣೇ ಇಂಜಿನ್‌ಗಿಂತ ಎತ್ತರ, ಎಲ್ಲಿ ಹತ್ತುತ್ತೆ? ಅದಕ್ಕೇ ನಾನೇ ಹಳಿ ಮೇಲೆ ಹಿಂಡಿಬಿಟ್ಟೆ."

ರುದ್ರಪ್ಪನವರ ಹೊಟ್ಟೆ ನಗುವಿನಿಂದ ಕುಲುಕತೊಡಗಿತು. "ಡ್ರೈವರ್ ಮಗಳಾಗಿ ಹಳಿಗೆ ಪಾನಕ ಕುಡಿಸಿದ್ದೀಯಲ್ಲೇ! ಗಾಡಿ ಯಾಕೆ ನಿಲ್ಲಲ್ಲ, ಬಾಯಾರಿಕೆಗೆ ನಿಂತಿದೆ!"

ಒಣಗಿದ ಹುಳಿಯ ಪದರದ ಮೇಲೆ ಚಕ್ರ ಬಂದಾಗ ಕರೆಂಟು ತಪ್ಪುತ್ತಿತ್ತು. ಹಳೆಯ ಪದ್ಧತಿಯಲ್ಲಾದರೆ ಇಂಜಿನ್ ರಭಸದಲ್ಲಿ ದಾಟಿಬಿಡುತ್ತಿತ್ತೇನೋ. ಡಿಕೋಡರ್‌ಗೆ ಕರೆಂಟು ತಪ್ಪಿದರೆ ಮರೆವು ಬಂದ ಹಾಗೆ. ಮತ್ತೆ ಸೊನ್ನೆಯಿಂದ ಶುರು ಮಾಡಬೇಕು. ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಹಳಿಯನ್ನೂ ಚಕ್ರವನ್ನೂ ಉಜ್ಜಿದೆವು. ಗಿರಿಜಾಳ ಕೈ ನನ್ನ ಕೈಗಿಂತ ಜೋರಾಗಿ ಉಜ್ಜುತ್ತಿತ್ತು.

ಈ ಸಲ ಇಂಜಿನ್ ಇಡೀ ಸುತ್ತು ಬಂತು. ರುದ್ರಪ್ಪನವರು ಸ್ಟೇಷನ್ನಿನಲ್ಲಿ ನಿಲ್ಲಿಸಲು ಹೋದರೆ, ವೇಗ ನಿಧಾನವಾಗಿ ಇಳಿಯುತ್ತ ಅದು ಪ್ಲಾಟ್‌ಫಾರಂ ದಾಟಿತು. ಮುಂದಿನ ಸುತ್ತಿನಲ್ಲಿ ಅವರು ನೀರಿನ ಟ್ಯಾಂಕಿನ ಹತ್ತಿರವೇ ವೇಗ ಇಳಿಸಿದರು. "ಗೂಡ್ಸ್ ಗಾಡಿ ಲೆಕ್ಕ ಇದು. ಮೊದಲೇ ಬ್ರೇಕ್ ಹಿಡೀಬೇಕು" ಎಂದು ತಮಗೇ ಹೇಳಿಕೊಂಡರು. ಇಂಜಿನ್ ತೇಲುತ್ತಾ ಬಂದು ಪ್ಲಾಟ್‌ಫಾರಮಿನ ತುದಿಗೆ ಸರಿಯಾಗಿ ನಿಂತಿತು.

ಅವರು ನನ್ನತ್ತ ನೋಡದೆ ಕೇಳಿದರು: "ನಿಜ ಹೇಳಿ ತಾಯಿ. ನಿಲ್ಸಿದ್ದು ನಾನಾ, ನಿಮ್ಮ ಚಿಪ್ಪಾ?"

"ಎಲ್ಲಿ ನಿಲ್ಲಬೇಕು ಅನ್ನೋದು ಚಿಪ್‌ಗೆ ಗೊತ್ತಿಲ್ಲ, ಯಜಮಾನ್ರೇ. ಅದು ಗೊತ್ತಿರೋದು ನಿಮಗೇ."

ಅವರು ಇನ್ನೊಂದು ಸುತ್ತಿಗೆ ಗುಂಡಿ ತಿರುಗಿಸಿದರು.

ಈ ಕಸುಬು ನನಗೆ ಕಲಿಸಿದ್ದು ಇಷ್ಟೇ. ಯಂತ್ರ ನಿಂತಾಗ, ಸೋತಿರುವ ಮನುಷ್ಯ ತಪ್ಪನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳಲು ಕಾದಿರುತ್ತಾನೆ. ಅವನು ಹಾಗೆ ಅಂದುಬಿಟ್ಟ ಎಂದು ಒಪ್ಪಿಕೊಳ್ಳುವ ಮೊದಲು ರಿಪೇರಿಯವರು ಹಳಿಯ ಮೇಲೊಮ್ಮೆ ಬೆರಳಿಟ್ಟು ನೋಡಬೇಕು.

ಮರುವರ್ಷದ ಆಯುಧ ಪೂಜೆಗೆ ನನ್ನನ್ನೂ ಕರೆದಿದ್ದರು. ಹೂವು, ವಿಭೂತಿ ಮುಗಿದ ಮೇಲೆ ರುದ್ರಪ್ಪನವರು, "ನಿಂಬೆಹಣ್ಣು ಇಡೇ, ಹಳಿ ಮೇಲೇ ಇಡು" ಎಂದರು.

"ಅಪ್ಪಾಜಿ, ಮತ್ತೆ ಅಂಟುತ್ತೆ!"

"ಹಿಂಡಬೇಡ. ಇಡು, ಅಷ್ಟೇ."

ಗಿರಿಜಾ ಎರಡನೇ ಸ್ಟೇಷನ್ನಿನ ಎದುರಿಗೆ ಹಣ್ಣಿಟ್ಟಳು. ಇಂಜಿನ್ ಆಚೆ ಬದಿಯಿಂದ ಎರಡು ಬೋಗಿ ಎಳೆದುಕೊಂಡು ಹೊರಟಿತು. ನೀರಿನ ಟ್ಯಾಂಕಿನ ಹತ್ತಿರ ಅವರ ಕೈ ನಡುಗುತ್ತಲೇ ಗುಂಡಿಯನ್ನು ಇಳಿಸಿತು. ಇಂಜಿನ್ ನಿಂಬೆಹಣ್ಣಿಗೆ ಒಂದು ಬೆರಳಿನಷ್ಟು ಹಿಂದೆ ನಿಂತಿತು. ಗಿರಿಜಾ ಹಣ್ಣನ್ನು ಎತ್ತಿಕೊಂಡು ಕೆಳಗೆ ಹೋಗಿ, ತನ್ನ ಸ್ಕೂಟರಿನ ಚಕ್ರದ ಮುಂದಿಟ್ಟಳು.