ಸುಣ್ಣ ಹತ್ತಿದ ಹೆಬ್ಬೆರಳು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಬೆಳ್ಳಗೆ ಸುಣ್ಣ ಹತ್ತಿಕೊಂಡಿತ್ತು. ಆ ಕೈಯ ಕಿರುಬೆರಳು, ಉಂಗುರದ ಬೆರಳು ಎರಡೂ ಪೀಣ್ಯದ ಒಂದು ಫ್ಯಾಕ್ಟರಿಯ ಪ್ರೆಸ್ ಮಷೀನಿನ ಬಾಯಿಗೆ ಹೋಗಿದ್ದವು. ಪಕ್ಕದ ಎರಡು ಬೆರಳು ಅರ್ಧ ಮಡಚಿಕೊಂಡು ನಿಂತಿದ್ದವು. ಹೆಬ್ಬೆರಳಿಗೆ ಗಾಯವೇನೂ ಕಾಣುತ್ತಿರಲಿಲ್ಲ, ಆದರೆ ಅದರಲ್ಲೂ ಜೀವವಿಲ್ಲ ಅಂತ ಅವರು ಎಲ್ಲರಿಗೂ ಹೇಳಿಕೊಂಡು ಬಂದಿದ್ದರು.

ಕೊಪ್ಪಳದ ಕಡೆಯವರು. ನಾನು ಕಾಕಾ ಅನ್ನುತ್ತಿದ್ದೆ. ಹೆಂಡತಿ ಮಕ್ಕಳು ಊರಲ್ಲಿ, ಇವರೊಬ್ಬರೇ ಚಿಕ್ಕಬಾಣಾವರದ ಬಾಡಿಗೆ ರೂಮಿನಲ್ಲಿ. ನಾನಾಗ ಆಕ್ಯುಪೇಶನಲ್ ಥೆರಪಿ ಅಸಿಸ್ಟೆಂಟ್ ಕೋರ್ಸ್ ಓದುತ್ತಿದ್ದೆ. ಪೆಟ್ಟು ಬಿದ್ದವರಿಗೆ ಗುಂಡಿ ಹಾಕಿಕೊಳ್ಳುವುದು, ಅನ್ನ ಕಲಸುವುದು, ಕೆಲಸದ ಸಾಮಾನು ಹಿಡಿಯುವುದು, ಇಂಥದ್ದನ್ನೆಲ್ಲ ಮತ್ತೆ ರೂಢಿ ಮಾಡಿಸುವ ವಿದ್ಯೆ. ಮಾದನಾಯಕನಹಳ್ಳಿಯ ನಮ್ಮ ಮನೆಯಲ್ಲಿ ಇದನ್ನು ಯಾರೂ ನಂಬಲಿಲ್ಲ. "ಬಟಾಣಿ ಎತ್ತಿ ಡಬ್ಬಕ್ಕೆ ಹಾಕ್ಸೋದು ಕಲಿಯಕ್ಕೆ ಕಾಲೇಜು ಬೇರೆ ಮಡಗವ್ರಾ? ಯಾರೋ ಟೋಪಿ ಹಾಕ್ತಾವ್ರೆ ಕಣಮ್ಮ," ಅಂದಿದ್ದರು ನಮ್ಮಪ್ಪ. ನನಗೂ ಒಳಗೊಳಗೇ ಅದೇ ಅನುಮಾನ. ಅನುಮಾನ ನಮ್ಮ ವಂಶದ ಆಸ್ತಿ. ಜಮೀನೆಲ್ಲ ಗೋಡೌನುಗಳಿಗೆ ಹೋದರೂ ಅದೊಂದು ಮಾತ್ರ ನಮ್ಮ ಹತ್ತಿರವೇ ಉಳಿದಿದೆ.

ಆದರೆ ಕಾಕಾ ಮುಂದೆ ನಾವೆಲ್ಲ ಏನೂ ಅಲ್ಲ. ಹಾರ್ಡ್‌ವೇರ್ ಅಂಗಡಿಯ ಮೇಲಿದ್ದ ನಮ್ಮ ಚಿಕಿತ್ಸೆಯ ಸೆಂಟರಿಗೆ ಬಂದರೆ ಬಾಗಿಲ ಕಡೆಗೆ ಮುಖ ಮಾಡಿಯೇ ಕೂರಬೇಕು. ಕೊಟ್ಟ ಟೀ ಮುಟ್ಟುತ್ತಿರಲಿಲ್ಲ. ಬೆರಳು ಎಷ್ಟು ಬಗ್ಗುತ್ತದೆ ಎಂದು ಅಳೆಯಲು ಹೋದರೆ ಕೈ ಎಳೆದುಕೊಳ್ಳುತ್ತಿದ್ದರು. ಊಟ ಆಯ್ತಾ ಅಂದರೂ ಒಂದೇ ಉತ್ತರ: "ಅದು ನಿನಗ್ಯಾಕ ಬೇಕು ತಂಗಿ?" ಸೆಂಟರ್ ನಡೆಸುತ್ತಿದ್ದ ಥೆರಪಿಸ್ಟ್ ಮೇಡಂ, ಕಾಕಾರನ್ನು ನನಗೇ ಒಪ್ಪಿಸಿದ್ದರು. ಅವರ ಕೈ ಸುಧಾರಿಸದಿದ್ದರೆ ನನ್ನ ತರಬೇತಿಗೂ ಕೆಟ್ಟ ಹೆಸರು. ದಿನಾ ಬಟಾಣಿ ಮುಂದಿಟ್ಟು "ಸ್ವಲ್ಪ ಪ್ರಯತ್ನ ಪಡಿ ಕಾಕಾ" ಅಂತ ಗೋಗರೆಯುತ್ತಿದ್ದೆ. ಹೆಬ್ಬೆರಳು ಅಲ್ಲಾಡುತ್ತಿರಲಿಲ್ಲ.

ಹಾಗಿರುವಾಗ ಒಂದು ದಿನ ಆ ಸುಣ್ಣ ಕಣ್ಣಿಗೆ ಬಿತ್ತು. ತಂಬಾಕನ್ನು ಎಡ ಅಂಗೈಗೆ ಹಾಕಿಕೊಂಡು, ಸುಣ್ಣ ಸವರಿ, ಬಲಗೈ ಹೆಬ್ಬೆರಳಲ್ಲಿ ಒತ್ತಿ ಒತ್ತಿ ತಿಕ್ಕಬೇಕು. ಜೀವವಿಲ್ಲದ ಹೆಬ್ಬೆರಳು ಮಾಡುವ ಕೆಲಸವೇ ಅದು?

"ನಿಮಗೆ ತಂಬಾಕು ಯಾರು ತಿಕ್ಕಿ ಕೊಡ್ತಾರೆ ಕಾಕಾ?"

"ನಮ್ಮಾಕಿ."

"ಅವರು ಊರಲ್ಲಿದ್ದಾರೆ ಅಂದಿದ್ರಲ್ಲ?"

ಕಾಕಾ ಟವೆಲ್ ಎಳೆದು ಕೈ ಮುಚ್ಚಿಕೊಂಡು ಎದ್ದು ಹೋದರು. ನನಗೆ ಮೈಯೆಲ್ಲ ಉರಿದುಹೋಯಿತು. ಹಿಂದೆಯೇ ಇಳಿದೆ. ಕೆಳಗೆ ನಿಂತಿದ್ದ ಲಾರಿಯ ಮರೆಯಲ್ಲಿ, ನಾನು ಅಂದುಕೊಂಡ ಹಾಗೆಯೇ, ತಂಬಾಕು ತಿಕ್ಕುತ್ತಿದ್ದರು.

ನನ್ನನ್ನು ನೋಡಿದ್ದೇ, "ಕಂಪನಿಯವರು ನಿನ್ನ ನನ್ನ ಹಿಂದ ಹಚ್ಚ್ಯಾರ ಹೌದಿಲ್ಲೋ?" ಅಂದರು.

"ಯಾರೂ ಹಚ್ಚಿಲ್ಲ! ನಾಚಿಕೆ ಆಗಲ್ವಾ ನಿಮಗೆ? ದಿನಾ ನಿಮ್ಮ ಮುಂದೆ ಕೂತು ಗಂಟಲು ಹರ್ಕೋತಿದೀನಿ!"

ಅವರು ಕೂಗಾಡಲಿಲ್ಲ. ತಂಬಾಕು ಕೆಳಗೆ ಕೊಡವಿದರು. "ಕೈ ಆಡತೈತಿ ಅಂತ ನಿಮ್ಮ ಮೇಡಂ ಬರದ ಕೊಟ್ರ, ಮರುದಿವಸ ಅದ ಮಷೀನಿಗೆ ನಿಂದರಸ್ತಾರ. ಆ ಸಪ್ಪಳ ಕೇಳಿದ್ರ ಸಾಕು ಯವ್ವಾ, ಕೈ ತಾನ ಹಿಂದ ಸರೀತೈತಿ. ಇನ್ನೊಂದ ಕೈ ಐತಲ್ಲ, ಅದನ್ನೂ ಕೊಡಾಕ ಹೋಗಲೇನು?"

ನನ್ನ ಸಿಟ್ಟು ಜರ್ರನೆ ಇಳಿಯಿತು. ಕೈ ಚಾಚಿದೆ. ಅವತ್ತು ಅವರು ಎಳೆದುಕೊಳ್ಳಲಿಲ್ಲ. ಮುಟ್ಟಿ ನೋಡಿದರೆ ಭಯವಾಯಿತು. ಹಗಲಿಡೀ ಟವೆಲಿನಲ್ಲಿ ಸುತ್ತಿಟ್ಟಿದ್ದರಿಂದ, ಉಳಿದಿದ್ದ ಆ ಎರಡು ಬೆರಳೂ ಸೆಟೆದುಕೊಳ್ಳತೊಡಗಿದ್ದವು.

"ಹೀಗೇ ಮುಚ್ಚಿಟ್ಕೊಂಡ್ರೆ ನೀವು ಹೇಳಿದ ಸುಳ್ಳೇ ನಿಜ ಆಗುತ್ತೆ ಕಾಕಾ. ಆಮೇಲೆ ಈ ಕೈ ಯಾವ ಕೆಲಸಕ್ಕೂ ಬರಲ್ಲ."

"ಖರೇನ? ಅಂಜಸಾಕ ಹೇಳತೀಯೇನು?"

"ಖರೇನೇ."

ಆ ಎರಡು ಬೆರಳನ್ನು ಬಿಡಿಸಲು ನೋಡಿದರು, ಪೂರ್ತಿ ಬಿಚ್ಚಲಿಲ್ಲ. ಆಮೇಲೆ ಮೆಲ್ಲಗೆ, ಸ್ಟೋರಿನಲ್ಲಿ ಸಾಮಾನು ಎತ್ತಿ ಕೊಡುವ ಕೆಲಸವಾದರೆ ಮಾಡಬಲ್ಲೆ ಅಂದರು. ಇಬ್ಬರೂ ಮೇಲೆ ಹೋಗಿ ಮೇಡಂಗೆ ಎಲ್ಲ ಹೇಳಿದೆವು. ಮೆಟ್ಟಿಲು ಹತ್ತುವಾಗಲೂ ಕಾಕಾ, "ಆಕಿ ಕಂಪನಿ ಕಡಿಯಾಕಿ ಇರಬೇಕ ನೋಡು," ಅಂತ ಗೊಣಗುತ್ತಲೇ ಇದ್ದರು.

ಮೇಡಂ ಬೈಯಲಿಲ್ಲ. ಬಟಾಣಿ ಎತ್ತಿಡಿಸಿ, ಕೆಳಗಿನ ಅಂಗಡಿಯಿಂದ ನಟ್ಟು, ಬೋಲ್ಟು, ವಾಷರ್ ತರಿಸಿದರು. ಅವತ್ತಿಂದ ಕಾಕಾ ಕೈ ಮುಚ್ಚಿಕೊಳ್ಳಲಿಲ್ಲ. ನೋವಿಗೆ ಹಲ್ಲು ಕಚ್ಚುತ್ತಿದ್ದರು, ನನಗೂ ಮೇಡಂಗೂ ಸೇರಿಸಿ ಬೈಯುತ್ತಿದ್ದರು, ಆದರೆ ಬೋಲ್ಟು ಎತ್ತುತ್ತಿದ್ದರು. ಬೆರಳು ನಿಧಾನವಾಗಿ ಬಿಚ್ಚಿಕೊಂಡವು. ಸ್ಟೋರಿನ ಕೆಲಸಕ್ಕೆ ಆಗುತ್ತದೆ, ಪ್ರೆಸ್ಸಿಗೆ ನಿಲ್ಲಿಸಕೂಡದು ಎಂದು ಮೇಡಂ ಬರೆದುಕೊಟ್ಟರು, ಫ್ಯಾಕ್ಟರಿಯವರ ಜೊತೆ ಜಗಳವಾಡಿ ಒಪ್ಪಿಸಿದರು. ಆ ಕಾಗದವನ್ನು ಕಾಕಾ ನನ್ನಿಂದ ಓದಿಸಿದರು. ಸಾಲದು ಅಂತ ಹಾರ್ಡ್‌ವೇರ್ ಅಂಗಡಿಯವನಿಂದಲೂ ಓದಿಸಿದರು!

ಕೆಲಸಕ್ಕೆ ಸೇರುವ ದಿನ ನಾನೂ ಗೇಟಿನವರೆಗೆ ಬರಲೇಬೇಕು ಅಂದರು. ಹೋದೆ. ಒಳಗಿನಿಂದ ಮಷೀನಿನ ಸದ್ದು ಕೇಳಿ ಅವರ ಮುಖ ಬಿಳುಚಿತು. ಸ್ಟೋರಿನವರೇ ಗೇಟಿಗೆ ಬಂದು ಕರೆಯುವವರೆಗೂ ಹೆಜ್ಜೆ ಎತ್ತಿಡಲಿಲ್ಲ. "ಸಂಜಿಗೆ ಬಂದ ನೋಡು. ಮಷೀನಿಗೆ ನಿಲ್ಲಿಸಿದ್ರ ನೀನ ಹೊಣಿ," ಅಂತ ಹೇಳಿ ಒಳಗೆ ಹೋದರು. ಇಡೀ ದಿನ ನನ್ನ ಜೀವ ನನ್ನ ಹತ್ತಿರ ಇರಲಿಲ್ಲ. ಮಾತು ಕೊಟ್ಟ ಫ್ಯಾಕ್ಟರಿಯವರ ಮೇಲೆ ನನಗೂ ಒಂದಿಷ್ಟೂ ನಂಬಿಕೆಯಿರಲಿಲ್ಲ. ಸಂಜೆ ಶಿಫ್ಟ್ ಬಿಡುವ ಹೊತ್ತಿಗೆ ಹೋಗಿ ಗೇಟಿನ ಎದುರು ನಿಂತೆ. ಕಾಕಾ ಗುಂಪಿನೊಳಗಿಂದ ಬಂದವರೇ ಬಲಗೈಯನ್ನು ನನ್ನ ಮುಖದ ಮುಂದೆ ಅಗಲಿಸಿ ಹಿಡಿದರು.

"ಮೂರೂ ಅದಾವು. ಎಣಿಸ್ಕೋ."

ನಗುತ್ತಿದ್ದರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಹೋದ ವರ್ಷ ರಜೆಗೆ ಊರಿಗೆ ಹೋದವರು ಎದೆನೋವು ಬಂದು ತೀರಿಕೊಂಡರು ಅಂತ ಸ್ಟೋರಿನವರು ಫೋನ್ ಮಾಡಿದರು. ಸೆಂಟರಿನಲ್ಲೇ ಕೂತು ಅತ್ತುಬಿಟ್ಟೆ. ಈಗ ನಾನು ಅಲ್ಲೇ ಅಸಿಸ್ಟೆಂಟ್. ಪೀಣ್ಯದ ಕೈಗಳು ಇನ್ನೂ ಬರುತ್ತಲೇ ಇವೆ. ಅಳೆಯುವುದು, ಬಗ್ಗಿಸುವುದು ಕೋರ್ಸಿನಲ್ಲಿ ಕಲಿತೆ. ಮುಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಮಾತ್ರ ಕಾಕಾ ಕಲಿಸಿದ್ದು: "ಈ ಕೈ ವಾಸಿಯಾದ್ರೆ ನಿಮ್ಮನ್ನ ಎಲ್ಲಿಗೆ ಕಳಿಸ್ತಾರೆ?"

ಕೇಳಿದ ಕೂಡಲೇ ಎಲ್ಲರೂ ನನ್ನನ್ನು ಅನುಮಾನದಿಂದ ನೋಡುತ್ತಾರೆ. ನೋಡಲಿ. ಅವರು ಬಾಯಿ ಬಿಡುವವರೆಗೂ ನಾನು ಕಾಯುತ್ತೇನೆ.